ಫಾರ್ಕರ್ ಗಿಲ್ಯಾಂಡರ್ಸ್ ಕೂತಿದ್ದ ಡೇರೆ

ಕಿನ್‌ಲಾರಿಗ್‌ನಲ್ಲಿ ಫಾರ್ಕರ್ ಗಿಲ್ಯಾಂಡರ್ಸ್ ಹೆಸರೆತ್ತಿದರೆ ಸಾಕು, ಜನ ಇವತ್ತಿಗೂ ಹೇಳುವುದು ಒಂದೇ ಒಂದು ಶನಿವಾರದ ಕಥೆ. ಎಪ್ಪತ್ತೆರಡು ವರ್ಷ ಬದುಕಿದ ಮನುಷ್ಯನನ್ನು ಒಂದು ಮಧ್ಯಾಹ್ನಕ್ಕೆ ಕಟ್ಟಿಹಾಕಿಬಿಟ್ಟಿದ್ದಾರೆ. ಹೋಗಲಿ, ಆ ಕಥೆಯನ್ನಾದರೂ ನೆಟ್ಟಗೆ ಹೇಳುತ್ತಾರೆಯೇ ಎಂದರೆ ಅದೂ ಇಲ್ಲ. ಅವತ್ತು ಡೇರೆಯೊಳಗೆ ಅವರ ಎದುರಿಗೆ ಕೂತಿದ್ದವಳು ನಾನು, ಊನಾ. ಹೊರಗೆ ಮೈದಾನದಲ್ಲಿ ಬಿಯರ್ ಕುಡಿಯುತ್ತ ನಿಂತಿದ್ದವರು ಎಲ್ಲ ಬಲ್ಲವರ ಹಾಗೆ ಮಾತಾಡುವುದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಫಾರ್ಕರ್ ಕಸುಬಿನಲ್ಲಿ ಬಡಗಿ. ಊರಿನ ದೋಣಿಗಳು, ಶಾಲೆಯ ಬೆಂಚುಗಳು, ಶವಪೆಟ್ಟಿಗೆಗಳು ಎಲ್ಲ ಅವರ ಕೈಯವೇ. ನಮ್ಮ ಅಡುಗೆಮನೆಯ ಬಾಗಿಲು ಅವರು ಕೂರಿಸಿದ್ದು. ಮೂವತ್ತು ಚಳಿಗಾಲ ಕಳೆದರೂ ಒಂದು ಕೂದಲೆಳೆಯಷ್ಟು ಗಾಳಿ ಬಿಟ್ಟಿಲ್ಲ. ಆದರೆ ಊರು ಅವರನ್ನು ತಲೆಯ ಮೇಲೆ ಕೂರಿಸಿಕೊಂಡದ್ದು ಬಾಗಿಲಿಗಾಗಿ ಅಲ್ಲ, ಬ್ಯಾಗ್‌ಪೈಪಿಗಾಗಿ. ಇಪ್ಪತ್ತನೆಯ ವಯಸ್ಸಿನಿಂದ ನಲವತ್ತರವರೆಗೆ ಉತ್ತರದ ಯಾವ ಆಟೋಟ, ಸಂಗೀತದ ಕೂಟಕ್ಕೆ ಹೋದರೂ ಪದಕ ತರದೆ ಬಂದವರಲ್ಲ. ಕುಣಿತಕ್ಕೆ, ಕವಾಯತಿಗೆ ನುಡಿಸುವ ಸಣ್ಣ ಪುಟ್ಟ ಮಟ್ಟುಗಳೆಂದರೆ ಅವರಿಗೆ ತಾತ್ಸಾರ. ಅವರದು ನಾವು ದೊಡ್ಡ ಸಂಗೀತ ಎನ್ನುತ್ತೇವಲ್ಲ, ಅದು. ಮೊದಲು ಮೂಲರಾಗ ನಿಧಾನವಾಗಿ, ಆಮೇಲೆ ಒಂದೊಂದೇ ಸುತ್ತು, ಸುತ್ತು ಹೆಚ್ಚಿದಂತೆ ಬೆರಳಿನ ಕೆಲಸ ಹೆಚ್ಚುತ್ತ ಹೋಗಿ, ಕೊನೆಗೆ ಮತ್ತೆ ಅದೇ ಮೂಲರಾಗ. ನುಡಿಸುವವನು ಹುಲ್ಲಿನ ಮೇಲೆ ಹೆಜ್ಜೆ ಎಣಿಸುವಂತೆ ನಡೆಯುತ್ತ ಹದಿನೈದು ನಿಮಿಷ ನುಡಿಸಬೇಕು. ನಡುವೆ ದಾರಿ ತಪ್ಪಿ ನಿಂತನೋ, ಅಲ್ಲಿಗೆ ಅವನ ಕಥೆ ಮುಗಿಯಿತು. ಎಷ್ಟೇ ಚೆನ್ನಾಗಿ ನುಡಿಸಿದ್ದರೂ ಲೆಕ್ಕಕ್ಕಿಲ್ಲ.

ನಲವತ್ತೊಂದನೆಯ ವಯಸ್ಸಿನಲ್ಲಿ ಗರಗಸದ ಯಂತ್ರ ಅವರ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಪೈಪಿನ ತೂತು ಮುಚ್ಚಲು ಬೇಕಾದ ಬೆರಳುಗಳೇ ಅವು. ಆರು ತಿಂಗಳು ಅವರು ಮನೆಯಿಂದ ಹೊರಗೆ ಬರಲಿಲ್ಲವಂತೆ. ಕೊನೆಗೆ ಅವರ ಹೆಂಡತಿ ಜೆಸ್ಸಿ ಕೂಟದ ಕಮಿಟಿಯವರ ಮನೆಗೆ ತಾನೇ ಹೋಗಿ, "ಅವರಿಗೆ ಏನಾದ್ರೂ ಕೊಡಿ, ಇಲ್ಲಾಂದ್ರೆ ನನ್ನ ಗಂಡ ಉಳಿಯಲ್ಲ" ಎಂದು ಅಂಗಲಾಚಿದಳು. ಕಮಿಟಿಯವರು ಕೊಟ್ಟದ್ದು ತೀರ್ಪುಗಾರನ ಕುರ್ಚಿ. ನಮ್ಮಂಥ ಸಣ್ಣ ಕೂಟಕ್ಕೆ ಒಬ್ಬರೇ ತೀರ್ಪುಗಾರರು. ಪ್ರತಿ ಆಗಸ್ಟಿನಲ್ಲಿ ಒಂದು ದಿನ, ಒಂದು ಡೇರೆ, ಒಂದು ಮರದ ಕುರ್ಚಿ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವರು ಬದುಕುತ್ತಿದ್ದುದೇ ಆ ದಿನಕ್ಕಾಗಿ ಎಂದರೆ ನಾನೇನೂ ಹೆಚ್ಚು ಹೇಳಿದಂತಲ್ಲ. ಜೆಸ್ಸಿ ತೀರಿಹೋದ ಮೇಲಂತೂ ಅವರಿಗೆ ಅದು ಬಿಟ್ಟರೆ ಬೇರೇನೂ ಇರಲಿಲ್ಲ.

ಬೆರಳಿಲ್ಲದ ಕೈಯಲ್ಲಿ ಬರೆಯುವುದು ಅವರಿಗೆ ಕಷ್ಟ. ಹೀಗಾಗಿ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ವಾರಪೂರ್ತಿ ಕಣಿವೆಯ ಹಳ್ಳಿಗಳಿಗೆ ಲೈಬ್ರರಿ ವ್ಯಾನ್ ಓಡಿಸುವ ನನಗೆ ಅಕ್ಷರ ಚೆನ್ನಾಗಿದೆ ಅನ್ನುವುದೊಂದೇ ಅರ್ಹತೆ. ಹನ್ನೊಂದು ವರ್ಷ ಅವರ ಎದುರಿಗೆ, ಸ್ವಲ್ಪ ಎಡಕ್ಕೆ, ಮಡಿಲಲ್ಲಿ ಹಲಗೆ ಇಟ್ಟುಕೊಂಡು ಕೂತಿದ್ದೇನೆ. ಡೇರೆಯಲ್ಲಿ ಮಾತಿಲ್ಲ ಎನ್ನುವುದು ಅವರ ಕಟ್ಟಪ್ಪಣೆ. ನಾನು ಕೆಮ್ಮುವುದಕ್ಕೂ ಹೆದರುತ್ತಿದ್ದೆ. ಅವರು ಒಬ್ಬೊಬ್ಬರ ಬಗ್ಗೆ ಹೇಳುತ್ತಿದ್ದ ಎರಡು ಸಾಲಿಗಾಗಿ ದೂರ ದೂರದಿಂದ ಜನ ಬರುತ್ತಿದ್ದರು. "ಬೆರಳು ಚೊಕ್ಕ, ಮನಸ್ಸು ಮನೇಲಿದೆ." "ಊಟಕ್ಕೆ ಹೊತ್ತಾಯ್ತು ಅಂತ ಓಡಿದ." "ಇವಳ ಕೈ ಬಂಗಾರ, ಇವಳಿಗೆ ಕಲಿಸಿದವನ ಕೈ ಮುರೀಬೇಕು." ಬೈಸಿಕೊಂಡವರು ಕೂಡ ಆ ಚೀಟಿಯನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು.

ಮನುಷ್ಯ ಬಿಗುಮಾನಿ ಎಂದು ಊರೆಲ್ಲ ಹೇಳುತ್ತಿತ್ತು. ಎದುರಿಗೆ ಸಿಕ್ಕರೆ ಅವರೇ ಮೊದಲು ಮಾತು ಶುರು ಮಾಡಿ, ಅವರೇ ಮುಗಿಸಿ, ಉತ್ತರಕ್ಕೆ ಕಾಯದೆ ಹೊರಟುಬಿಡುತ್ತಿದ್ದರು. ಫೋನ್ ಇಟ್ಟುಕೊಂಡಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದರು. ಪಾದ್ರಿಯ ಉಪದೇಶ ಕೇಳಲಾರೆ ಎಂದಿದ್ದರು. ಇದೆಲ್ಲ ದೊಡ್ಡ ಕಲಾವಿದನ ಗತ್ತು ಎಂದು ಕೆಲವರು, ವಯಸ್ಸಾದವರ ಸಿಡುಕು ಎಂದು ಕೆಲವರು. ನಾನು ಮೊದಲನೆಯ ಗುಂಪಿನವಳು. ಎಂಥ ಪೆದ್ದಿ ನಾನು!

ಇನ್ನು ನನ್ನ ತಮ್ಮ ಈವಂಡರ್‌ನ ವಿಷಯ ಹೇಳಬೇಕು, ಅದನ್ನು ಬಿಟ್ಟರೆ ಈ ಕಥೆಯೇ ಇಲ್ಲ. ನನಗಿಂತ ಎಂಟು ವರ್ಷ ಚಿಕ್ಕವನು, ಮೀನು ಸಾಕುವ ಕಂಪನಿಯಲ್ಲಿ ಕೆಲಸ. ಹನ್ನೆರಡು ವರ್ಷದವನಿದ್ದಾಗಲಿಂದ ಪೈಪ್ ನುಡಿಸುತ್ತಿದ್ದ. ಆ ಶನಿವಾರಕ್ಕೆ ಆರು ವರ್ಷ ಮುಂಚೆ ಮೊದಲ ಸಲ ಧೈರ್ಯ ಮಾಡಿ ದೊಡ್ಡ ಸಂಗೀತಕ್ಕೆ ಹೆಸರು ಕೊಟ್ಟ. ಒಂದು ತಪ್ಪೂ ಇಲ್ಲದೆ ನುಡಿಸಿ ಮುಗಿಸಿದ. ಫಾರ್ಕರ್ ನನ್ನ ಕಡೆ ಒಮ್ಮೆ ನೋಡಿ ಹೇಳಿದರು: "ಬರ್ಕೋ. ಬೆರಳಲ್ಲಿ ತಪ್ಪಿಲ್ಲ. ನಾದದಲ್ಲಿ ಜೀವವಿಲ್ಲ." ನನ್ನ ಪೆನ್ನು ನಿಂತಿತು. ಅವರು ಮತ್ತೊಮ್ಮೆ ಅದನ್ನೇ ಹೇಳಿದರು. ನಾನು ಬರೆದೆ. ಸಂಜೆ ಈವಂಡರ್ ಆ ಚೀಟಿ ಓದಿದ. "ನಿನ್ನ ಅಕ್ಷರ," ಎಂದ, ಅಷ್ಟೇ. ಮನೆಗೆ ಹೋಗಿ ಪೈಪನ್ನು ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲೆ ಇಟ್ಟವನು ಮತ್ತೆ ಇಳಿಸಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಅವನು ಜಗಳವಾಡಲಿಲ್ಲ, ನನಗೆ ಸಮಾಧಾನ ಹೇಳಲು ಜಾಗವನ್ನೂ ಕೊಡಲಿಲ್ಲ. ಪ್ರತಿ ಭಾನುವಾರ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದ, ಮೀನಿನ ರೋಗಗಳ ಬಗ್ಗೆ ಮಾತಾಡುತ್ತಿದ್ದ, ಹೋಗುತ್ತಿದ್ದ. ಕೂಟದ ದಿನ ಕಾರು ನಿಲ್ಲಿಸುವ ಹೊಲದಲ್ಲಿ ಹಳದಿ ಕೋಟು ತೊಟ್ಟು, ಕೈ ಬೀಸುತ್ತ ನಿಂತಿರುತ್ತಿದ್ದ.

ಆ ಶನಿವಾರದ ವರ್ಷ, ತೊಂಬತ್ತೆಂಟರಲ್ಲಿ, ಕಮಿಟಿಗೆ ಒಂದು ಹೆಸರಿಲ್ಲದ ಪತ್ರ ಬಂತು. ಫಾರ್ಕರ್ ಮುಖ ನೋಡಿ ಮಣೆ ಹಾಕುತ್ತಾರೆ, ಬೇಕಾದವರಿಗೆ ಪದಕ ಕೊಡುತ್ತಾರೆ ಎಂದು. ಕಮಿಟಿಯ ಅಧ್ಯಕ್ಷ ಹ್ಯೂ ಡಲ್‌ಗಾರ್ನೋ ಊರಿನ ಕಟುಕ, ಎಲ್ಲರನ್ನೂ ಮೆಚ್ಚಿಸಬೇಕೆನ್ನುವ ಆಸಾಮಿ. ಅವನು ಒಂದು ಉಪಾಯ ಕಂಡುಹಿಡಿದ. ಡೇರೆಯ ಬಾಯಿಗೆ ದಪ್ಪ ಬಟ್ಟೆ ಕಟ್ಟುವುದು. ನುಡಿಸುವವರಿಗೆ ಹೆಸರಿಲ್ಲ, ನಂಬರ್ ಮಾತ್ರ. ಹೆಸರಿನ ಪಟ್ಟಿ ಅವನ ಜೇಬಿನಲ್ಲೇ ಇರುತ್ತದೆ.

ಸಭೆಯಲ್ಲಿ ಫಾರ್ಕರ್ ಎದ್ದು ನಿಂತು ಮೇಜು ಗುದ್ದಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

"ಬೆರಳು ನೋಡದೆ ತೀರ್ಪು ಕೊಡೋಕೆ ನಾನೇನು ಬೇಲಿ ಮೇಲಿನ ಕಾಗೆನಾ?" ಎಂದರು.

"ಕೋಪ ಮಾಡ್ಕೋಬೇಡಿ ಫಾರ್ಕರ್," ಎಂದ ಹ್ಯೂ, ಅವರ ಎದುರಿಗೇ ಬಂದು ನಿಂತು. "ಸಂಗೀತ ಕೇಳೋದು ಕಿವೀಲಿ ತಾನೇ? ನಿಮ್ಮಂಥ ಕಿವಿ ಈ ಜಿಲ್ಲೇಲಿ ಇನ್ಯಾರಿಗಿದೆ ಹೇಳಿ. ನಿಮಗ್ಯಾಕೆ ಬೆರಳು?"

ಇಪ್ಪತ್ತು ಜನ ಹೌದು ಹೌದು ಎಂದು ತಲೆ ಆಡಿಸಿದರು. ಫಾರ್ಕರ್ ದೊಪ್ಪನೆ ಕೂತರು.

"ಕಟ್ಕೊಳ್ಳಿ ನಿಮ್ಮ ಬಟ್ಟೆ," ಎಂದರು ಕೊನೆಗೆ.

ಹೊಗಳಿಕೆಗೆ ಕರಗಿದರು ಎಂದು ಎಲ್ಲರೂ ನಗುತ್ತ ಎದ್ದೆವು. ಆ ಭಾನುವಾರ ನಾನು ಈವಂಡರ್‌ಗೆ ಸೂಪು ಬಡಿಸುತ್ತ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: "ಪೂರ್ತಿ ಮುಚ್ಚೋ ಹಾಗೆ ಕಟ್ತಾರಾ?" ಹೌದು ಎಂದೆ. ಅವನು ಇನ್ನೊಂದು ಚೂರು ಬ್ರೆಡ್ ಕೇಳಿದ. ನನಗೆ ಏನೂ ಹೊಳೆಯಲಿಲ್ಲ.

ಕೂಟದ ದಿನ ಮಳೆ ಇರಲಿಲ್ಲ, ಅದೇ ದೊಡ್ಡ ಪುಣ್ಯ. ಮೈದಾನದ ಆ ತುದಿಯಲ್ಲಿ ಮರದ ದಿಮ್ಮಿ ಎಸೆಯುವವರು, ಈ ತುದಿಯಲ್ಲಿ ಹುಡುಗಿಯರ ಕುಣಿತ, ನಡುವೆ ಹಗ್ಗ ಜಗ್ಗುವವರ ಕೂಗಾಟ. ನಮ್ಮ ಡೇರೆ ಇವರೆಲ್ಲರಿಂದ ದೂರ, ಬೀಚ್ ಎನ್ನುವ ದೊಡ್ಡ ಮರಗಳ ಕೆಳಗೆ. ಫಾರ್ಕರ್ ಇಸ್ತ್ರಿ ಮಾಡಿದ ಮೊಣಕಾಲುದ್ದದ ನೆರಿಗೆ ಕಿಲ್ಟು, ಜೆಸ್ಸಿ ಹೆಣೆದ ಕಾಲುಚೀಲ ಹಾಕಿಕೊಂಡು ಬಂದರು. ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ತಮ್ಮ ಕುರ್ಚಿಯನ್ನು ಎತ್ತಿ ನನ್ನ ಕಡೆಗೆ ತಿರುಗಿಸಿ ಇಟ್ಟುಕೊಂಡರು. ಬಟ್ಟೆ ನೋಡುತ್ತ ಕೂರುವುದಾದರೂ ಯಾಕೆ ಎಂದುಕೊಂಡು ನಾನೂ ಸುಮ್ಮನಾದೆ.

ಐದು ಜನ ಸ್ಪರ್ಧಿಗಳು. ಒಬ್ಬೊಬ್ಬರೂ ಮೂರು ರಾಗದ ಹೆಸರು ಕೊಡಬೇಕು. ಅವುಗಳಲ್ಲಿ ಒಂದನ್ನು ಫಾರ್ಕರ್ ಆರಿಸಿ ಹೇಳುತ್ತಾರೆ. ನಾನು ಹೊರಗೆ ನಿಂತ ಸ್ವಯಂಸೇವಕಿಗೆ ಬಟ್ಟೆಯ ಸಂದಿಯಿಂದ ಚೀಟಿ ದಾಟಿಸುತ್ತೇನೆ. ಅವರು ಸ್ವರಲಿಪಿಯ ಪುಸ್ತಕದಲ್ಲಿ ಆ ಪುಟ ತೆಗೆದುಕೊಂಡು, ಗಡಿಯಾರವನ್ನು ಮೇಜಿನ ಮೇಲಿಟ್ಟು, ಪಾದದಲ್ಲಿ ತಾಳ ಹಾಕುತ್ತ ಕೂರುತ್ತಾರೆ. ಮೊದಲನೆಯವನು ಸಾಧಾರಣ. ಎರಡನೆಯವರು ಯಾರೋ, ಬಹಳ ಸೊಗಸಾಗಿ ನುಡಿಸಿದರು. ನನಗೆ ಗೊತ್ತಿಲ್ಲದೆಯೇ ಮುಗುಳ್ನಕ್ಕೆ. ಮೂರನೆಯ, ನಾಲ್ಕನೆಯವರ ಬಗ್ಗೆ ಹೇಳುವಂಥದ್ದೇನಿಲ್ಲ. ಪ್ರತಿ ಸಲವೂ ಫಾರ್ಕರ್ ನನ್ನನ್ನು ನೋಡುತ್ತಿದ್ದರು. ಬರೆಯುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಾರೆ ಎಂದುಕೊಂಡೆ.

ಐದನೆಯವನಿಗೆ ಅವರು ಆರಿಸಿದ್ದು 'ಕೋರಿಯ ವಿಧವೆಯ ಶೋಕ'. ಹೊರಗೆ ಅವನು ಶ್ರುತಿ ಹೊಂದಿಸತೊಡಗಿದ. ನಮ್ಮಲ್ಲಿ ಶ್ರುತಿ ಹೊಂದಿಸುವಾಗ ಒಬ್ಬೊಬ್ಬರೂ ತಮ್ಮದೇ ಆದ ಒಂದು ಚಿಕ್ಕ ಆಲಾಪ ನುಡಿಸುತ್ತಾರೆ. ಅದು ಅವರವರ ಮನೆಯ ಗುರುತಿನ ಹಾಗೆ. ಆ ನಾಲ್ಕೈದು ಸ್ವರ ಕಿವಿಗೆ ಬಿದ್ದದ್ದೇ ನನಗೆ ಗುರುತು ಸಿಕ್ಕಿತು. ಅದು ಈವಂಡರ್.

ಆರು ವರ್ಷ ಬೀರುವಿನ ಮೇಲಿದ್ದ ಪೈಪನ್ನು ಅವನು ಯಾವಾಗ ಇಳಿಸಿದ, ಎಲ್ಲಿ ಕೂತು ಅಭ್ಯಾಸ ಮಾಡಿದ, ನನಗೆ ಒಂದು ಮಾತನ್ನೂ ಯಾಕೆ ಹೇಳಲಿಲ್ಲ! ಫಾರ್ಕರ್ ಕಣ್ಣಿಗೆ ಬೀಳದೆ ನುಡಿಸಲು ಅವನು ಕಾಯುತ್ತಿದ್ದ ಎನ್ನುವುದು ಆಗ ಅರ್ಥವಾಯಿತು. ಮೂಲರಾಗ ಶುರುವಾಯಿತು. ನಾನು ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಏನು ಹೇಳಲಿ! ಅಮ್ಮ ತೀರಿಕೊಂಡ ಮನೆ, ಅಪ್ಪನ ಖಾಲಿ ಬೂಟು, ಈ ಆರು ವರ್ಷದ ಭಾನುವಾರಗಳು, ಎಲ್ಲ ಒಟ್ಟಿಗೆ ಮೈಮೇಲೆ ಬಂದವು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಧಾರಾಕಾರ. ಒರೆಸಿಕೊಳ್ಳಲು ಕೈ ಏಳಲಿಲ್ಲ.

ಮೂರನೆಯ ಸುತ್ತಿನ ನಡುವೆ ಅವನು ತಪ್ಪಿದ. ಒಂದು ಸಾಲು ಎರಡು ಸಲ ಬಂತು. ಮತ್ತೆ ಅದೇ ಸಾಲು. ದಾರಿ ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ದೇವರೇ, ದೇವರೇ ಎಂದುಕೊಂಡೆ. ಚೀಲದ ಗಾಳಿ ಹೋಗಿ ಶ್ರುತಿ ಕೊಳವೆಗಳು ಒಮ್ಮೆ ನರಳಿ, ನಿಂತವು. ಆಮೇಲೆ ಏನೂ ಇಲ್ಲ. ದೂರದಲ್ಲಿ ಹಗ್ಗ ಜಗ್ಗುವವರ ಕೂಗು, ಹುಲ್ಲಿನ ಮೇಲೆ ಅವನು ನಡೆದು ಹೋಗುವ ಸಪ್ಪಳ. ನಾನು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದೆ.

ತಲೆಯೆತ್ತಿದರೆ ಫಾರ್ಕರ್ ಪುಸ್ತಕದ ಪುಟ ತಿರುಗಿಸುತ್ತಿದ್ದಾರೆ.

ಪಾದ ತಾಳ ಹಾಕುತ್ತಿದೆ. ಒಂದು, ಎರಡು, ಒಂದು, ಎರಡು. ಕಣ್ಣು ನನ್ನ ಮುಖದ ಮೇಲಿದೆ, ಆಮೇಲೆ ಪುಟಕ್ಕೆ ಹೋಗುತ್ತದೆ, ಮತ್ತೆ ನನ್ನ ಮುಖಕ್ಕೆ ಬರುತ್ತದೆ. ಹೊರಗೆ ಯಾರೂ ಇಲ್ಲ. ಐದು ನಿಮಿಷ, ಪೂರ್ತಿ ಐದು ನಿಮಿಷ, ಆ ಮನುಷ್ಯ ಇಲ್ಲದ ಸಂಗೀತಕ್ಕೆ ತಾಳ ಹಾಕಿದರು. ಗಡಿಯಾರ ನೋಡಿ, ಪುಸ್ತಕ ಮುಚ್ಚಿ, ತೃಪ್ತಿಯಿಂದ ಉಸಿರು ಬಿಟ್ಟರು.

"ಬರ್ಕೋ," ಎಂದರು. "ಐದನೇ ನಂಬರ್. ಇಂಥ ನಾದ ಈ ಡೇರೇಲಿ ಇಷ್ಟು ವರ್ಷದಲ್ಲಿ ಕೇಳಿಲ್ಲ. ಮೊದಲ ಬಹುಮಾನ. ಎರಡನೇದು ಎರಡನೇ ನಂಬರಿಗೆ."

ಗೇಲಿ ಮಾಡುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ಆದರೆ ಅವರ ಮುಖದಲ್ಲಿ ಗೇಲಿ ಇರಲಿಲ್ಲ, ಸಂತೋಷವಿತ್ತು. ನಾನು ಎದ್ದು, ನೀರಿನ ಬಾಟಲಿ ತರುವವಳಂತೆ ಅವರ ಬೆನ್ನ ಹಿಂದೆ ಹೋದೆ.

"ಫಾರ್ಕರ್," ಎಂದೆ ಗಟ್ಟಿಯಾಗಿ. "ಡೇರೆಗೆ ಬೆಂಕಿ ಬಿದ್ದಿದೆ."

ಅವರು ಚಾಕುವಿನಿಂದ ಪೆನ್ಸಿಲ್ ಹೆರೆಯುತ್ತಿದ್ದರು. ಹೆರೆದ ಪುಡಿಯನ್ನು ಉಫ್ ಎಂದು ಊದಿದರು.

ಫೋನಿಲ್ಲದ ಮನೆ, ತಿರುಗಿ ನೋಡದ ಬೆನ್ನು, ಉತ್ತರಕ್ಕೆ ಕಾಯದ ಮಾತು, ಒಂದೊಂದೂ ಬಂದು ತಲೆಗೆ ಬಡಿಯಿತು. ಮುಂದೆ ಬಂದು ಕೂತು, ಅವರು ಹೇಳಿದ ಸಾಲಿನ ಕೆಳಗೆ ಬರೆದೆ: 'ಐದನೆಯವನು ಅರ್ಧಕ್ಕೇ ನಿಲ್ಲಿಸಿಬಿಟ್ಟ.' ಹಲಗೆಯನ್ನು ಅವರ ಕಡೆ ತಿರುಗಿಸಿದೆ.

ಅವರು ಓದಿದರು. ಮುಖದ ಬಣ್ಣ ಇಳಿಯುವುದು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅವತ್ತು.

"ಎಲ್ಲಿ?" ಎಂದು ಕೇಳಿದರು.

"ಮೂರನೇ ಸುತ್ತು. ಎರಡನೇ ಸಾಲು," ಎಂದೆ, ಅವರ ಮುಖಕ್ಕೆ ಮುಖ ಕೊಟ್ಟು. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಪುಸ್ತಕ ತೆರೆದು, ಹಿಂದಕ್ಕೆ ತಿರುಗಿಸಿ, ಆ ಸಾಲು ಹುಡುಕಿ, ಮೊಂಡು ಬೆರಳನ್ನು ಅಲ್ಲಿಟ್ಟರು. ಅಲ್ಲಿಂದ ಮುಂದಿನ ಎರಡು ಪುಟ ಅವರೊಬ್ಬರೇ ನುಡಿಸಿಕೊಂಡಿದ್ದರು.

"ಮತ್ತೆ ನೀನ್ಯಾಕೆ ಅತ್ತೆ?"

"ಅವನು ನನ್ನ ತಮ್ಮ. ಈವಂಡರ್."

ಅವರು ಕಣ್ಣು ಮುಚ್ಚಿಕೊಂಡರು.

"ಎಷ್ಟು ವರ್ಷ ಆಯ್ತು?" ಎಂದು ಕೇಳಿದೆ. ಕಣ್ಣು ಮುಚ್ಚಿದ್ದರಿಂದ ಅವರಿಗೆ ತಿಳಿಯಲಿಲ್ಲ. ಮೊಣಕೈ ಹಿಡಿದು ಅಲುಗಿಸಿ ಮತ್ತೆ ಕೇಳಿದೆ.

"ಒಂಬತ್ತು. ಜೆಸ್ಸಿ ಹೋಗೋಕೆ ಮುಂಚಿನ ಚಳಿಗಾಲ. ಗರಗಸದ ಸದ್ದು, ಪೈಪಿನ ಸದ್ದು, ಎರಡೂ ಸೇರಿ ತಿಂದು ಹಾಕಿದ್ವು. ಅವಳೊಬ್ಬಳಿಗೇ ಗೊತ್ತಿತ್ತು. ಕಿವಿಗೆ ಯಂತ್ರ ಹಾಕ್ಕೊಂಡು ಈ ಕುರ್ಚೀಲಿ ಹೇಗೆ ಕೂರ್ಲಿ ಊನಾ? ಯಾರು ಕೂರಿಸ್ತಾರೆ?"

ಒಂಬತ್ತು. ನಾನು ಲೆಕ್ಕ ಹಾಕಿದೆ. ಹಾಕಬೇಕಾದಷ್ಟು ದೊಡ್ಡ ಲೆಕ್ಕವೂ ಅಲ್ಲ ಅದು. ಒಳಗಿನಿಂದ ಸಿಟ್ಟು ಉಕ್ಕಿ ಬಂತು. ಎದ್ದು ನಿಂತೆ.

"ಹಾಗಾದ್ರೆ ಆರು ವರ್ಷದ ಹಿಂದೆ ನನ್ನ ತಮ್ಮನ ನಾದದಲ್ಲಿ ಜೀವ ಇಲ್ಲ ಅಂದ್ರಲ್ಲ, ಯಾವ ಬಾಯಲ್ಲಿ ಅಂದ್ರಿ? ಕೇಳದೇನೇ ಅಂದ್ರಾ? ಅವನು ಪೈಪ್ ಬಿಟ್ಟ. ಗೊತ್ತಾ ನಿಮಗೆ? ಮನುಷ್ಯ ಅರ್ಧ ಸತ್ತ. ನನ್ನ ಕೈಲಿ ಬರೆಸಿದ್ರಿ ಅದನ್ನ!"

ಮುಚ್ಚಿಡಬಹುದಾಗಿತ್ತು. ಆದರೆ ಅವರು ಮುಚ್ಚಿಡಲಿಲ್ಲ.

"ಬೆರಳು ನಾನು ನೋಡ್ತೀನಿ, ಅದರಲ್ಲಿ ನನ್ನ ಕಣ್ಣು ಯಾವತ್ತೂ ತಪ್ಪಿಲ್ಲ," ಎಂದರು. "ನಾದ ಕಣ್ಣಿಗೆ ಕಾಣಲ್ವಲ್ಲ. ಅದನ್ನ ನಿನ್ನ ಮುಖದಲ್ಲಿ ನೋಡ್ತಿದ್ದೆ. ಒಂಬತ್ತು ವರ್ಷಾನೂ. ನೀನು ಒಳ್ಳೆ ಕೇಳುಗಿ ಕಣೇ. ಚೆನ್ನಾಗಿದ್ರೆ ನಿನ್ನ ಹುಬ್ಬು ಏಳ್ತಿತ್ತು, ತುಟಿ ಸಡಿಲ ಆಗ್ತಿತ್ತು. ಆ ಹುಡುಗ ನುಡಿಸಿದಾಗ ನಿನ್ನ ಮುಖದಲ್ಲಿ ಏನೂ ಇರ್ಲಿಲ್ಲ. ಕಲ್ಲಿನ ಹಾಗೆ ಕೂತಿದ್ದೆ."

ನಾನು ಕೂತುಬಿಟ್ಟೆ.

ಕಲ್ಲಿನ ಹಾಗೆ ಕೂತಿದ್ದದ್ದು ನಿಜ. ಆರು ವರ್ಷದ ಹಿಂದಿನ ಆ ಕೂಟಕ್ಕೆ ಒಂದು ವಾರವಿರುವಾಗ ಅಂಗಡಿಯಲ್ಲಿ ಯಾರೋ, "ಅಕ್ಕ ಡೇರೆ ಒಳಗೆ, ತಮ್ಮ ಹೊರಗೆ, ಪದಕ ಮನೆಗೆ" ಎಂದು ನಕ್ಕಿದ್ದರು. ನನಗದು ಚುಚ್ಚಿತ್ತು. ನಮ್ಮಂಥ ಊರಿನಲ್ಲಿ ಅಂಥ ಮಾತು ಒಮ್ಮೆ ಹುಟ್ಟಿದರೆ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ. ಅವನು ನುಡಿಸುವಾಗ ಮುಖದ ಒಂದು ನರವೂ ಅಲುಗಬಾರದು, ಯಾರೂ ಬೆರಳು ತೋರಿಸಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ. ಎಷ್ಟು ನ್ಯಾಯವಂತೆ ನಾನು ಎಂದು ಒಳಗೊಳಗೇ ಬೀಗಿದ್ದೆ ಕೂಡ.

ಫಾರ್ಕರ್ ಹಲಗೆಯಿಂದ ಫಲಿತಾಂಶದ ಚೀಟಿ ಕಿತ್ತುಕೊಂಡು ಮಡಚಿ ಜೇಬಿಗಿಟ್ಟರು. ನಾನು ತಡೆದೆ. "ಎರಡನೇ ನಂಬರೇ ಮೊದಲು ಅಂತ ಬರೀತೀನಿ, ಯಾರಿಗೂ ಗೊತ್ತಾಗಲ್ಲ," ಎಂದೆ. ಸಿಟ್ಟಿನ ನಡುವೆಯೂ ಅದನ್ನು ಹೇಳಿದೆ, ಯಾಕೆಂದರೆ ಆ ಕುರ್ಚಿ ಹೋದರೆ ಅವರಿಗೆ ಏನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಆಗ ಅದು ನಿನ್ನ ತೀರ್ಪಾಗತ್ತೆ," ಎಂದು ಹೇಳಿ ಬಟ್ಟೆ ಸರಿಸಿ ಹೊರಗೆ ಹೋದರು.

ವೇದಿಕೆಯ ಮೇಲೆ ಹ್ಯೂ ಪದಕಗಳ ಪೆಟ್ಟಿಗೆ ಹಿಡಿದು ನಿಂತಿದ್ದ. ಫಾರ್ಕರ್ ಅವನ ಕೈಯಿಂದ ಮೈಕ್ ತೆಗೆದುಕೊಂಡರು. ತಮ್ಮ ದನಿ ಎಷ್ಟು ಗಟ್ಟಿ ಎಂದು ಅವರಿಗೆ ತಿಳಿಯುವಂತಿರಲಿಲ್ಲ. ಅದು ಮೈದಾನದ ಆಚೆ ಕುರಿಗಳಿಗೂ ಕೇಳಿಸಿತು.

"ಇವತ್ತು ಐದು ಜನ ನುಡಿಸಿದ್ರಂತೆ. ನಾನು ಒಬ್ಬರದ್ದೂ ಕೇಳಿಲ್ಲ. ಒಂಬತ್ತು ವರ್ಷದಿಂದ ಯಾರದ್ದೂ ಕೇಳಿಲ್ಲ. ನನಗೆ ಕಿವಿ ಕೇಳಲ್ಲ. ಬೆರಳು ನೋಡಿ ಬರೆಸಿದ್ದು ಸತ್ಯ. ನಾದದ ಬಗ್ಗೆ ಬರೆಸಿದ್ದೆಲ್ಲ ಸುಳ್ಳು. ಮನೇಲಿ ಆ ಚೀಟಿ ಇದ್ದರೆ ಒಲೆಗೆ ಹಾಕಿ."

ನನ್ನ ಮುಖದ ಮಾತನ್ನು ಅವರು ಆಡಲಿಲ್ಲ. ಅದನ್ನು ಹೇಳಿದ್ದರೆ ಅರ್ಧ ಅಪರಾಧ ನನ್ನ ಹೆಗಲಿಗೆ ಬರುತ್ತಿತ್ತು, ಅವರದು ಹಗುರಾಗುತ್ತಿತ್ತು. ಪೂರ್ತಿ ತಾವೇ ಹೊತ್ತುಕೊಂಡರು. ಊರಿನ ಕಥೆಯಲ್ಲಿ ಇಲ್ಲದ ಭಾಗ ಇದೇ.

ಮೈದಾನದಲ್ಲಿ ದಿಮ್ಮಿ ಎತ್ತಿದವನು ಅದನ್ನು ಹಾಗೇ ನೆಲಕ್ಕೆ ಬಿಟ್ಟ. ಯಾರೋ ಒಬ್ಬ ಹೆಣ್ಣುಮಗಳು ಕಿಸಕ್ಕನೆ ನಕ್ಕಳು, ಆಮೇಲೆ ಅವಳೇ ಅಳತೊಡಗಿದಳು. ಎರಡು ವರ್ಷದ ಹಿಂದೆ ಪದಕ ಗೆದ್ದವಳು ಅವಳು. ಪಕ್ಕದ ಕಣಿವೆಯ ಒಬ್ಬ ಗಂಡಸು, "ಥೂ ಮುದುಕ, ನನ್ನ ಮಗ ನಿನ್ನ ಮಾತು ನಂಬಿ ಪೈಪ್ ಮಾರಿದ್ನಲ್ಲೋ!" ಎಂದು ಕೂಗಿದ. ಫಾರ್ಕರ್‌ಗೆ ಅದು ಕೇಳಿಸಲಿಲ್ಲ. ಅವರು ಮೈಕನ್ನು ಹ್ಯೂ ಕೈಗೆ ಕೊಟ್ಟು, ಮೆಟ್ಟಿಲಿಳಿದು, ಜನರ ನಡುವೆಯೇ ನಡೆದು ಗೇಟು ದಾಟಿ ಮನೆಗೆ ಹೋದರು. ದಾರಿ ಬಿಡಲು ಎಲ್ಲರೂ ಹಿಂದಕ್ಕೆ ಸರಿದರು. ಆಮೇಲೆ ಐದು ವರ್ಷ ಬದುಕಿದ್ದರು, ಕೊನೆಯವರೆಗೂ ಒಳ್ಳೆಯ ಕಿಟಕಿಗಳನ್ನು ಮಾಡಿದರು, ಕೂಟದ ಮೈದಾನಕ್ಕೆ ಮಾತ್ರ ಕಾಲಿಡಲಿಲ್ಲ. ಆ ದಿನದ ಪದಕವನ್ನು ನುಡಿಸಿದವರೇ ಮಾತಾಡಿಕೊಂಡು ಎರಡನೆಯ ನಂಬರಿಗೆ ಕೊಡಿಸಿದರು.

ನಾನು ಈವಂಡರ್‌ನನ್ನು ಹುಡುಕುತ್ತ ಕಾರು ನಿಲ್ಲಿಸುವ ಹೊಲಕ್ಕೆ ಹೋದೆ. ಅವನು ಕಾರಿನೊಳಗೆ ಕೂತಿದ್ದ, ಪೈಪಿನ ಪೆಟ್ಟಿಗೆ ತೊಡೆಯ ಮೇಲೆ. ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ.

"ಕೇಳಿಸ್ತಾ, ಅವರು ಹೇಳಿದ್ದು?" ಎಂದೆ.

"ಇಡೀ ಜಿಲ್ಲೆಗೆ ಕೇಳಿಸ್ತು," ಎಂದ. ಅವನ ಮುಖ ಅರಳಿತ್ತು. ಆರು ವರ್ಷದಲ್ಲಿ ನಾನು ನೋಡದ ಮುಖ ಅದು. "ಊನಾ, ಅವರಿಗೆ ಕೇಳ್ತಾನೇ ಇರ್ಲಿಲ್ಲ! ಜೀವ ಇಲ್ಲ ಅಂದ್ರಲ್ಲ, ಅದು ಬರೀ ಬಾಯಿಗೆ ಬಂದದ್ದು. ನಾನೋ, ಆರು ವರ್ಷ, ಪೆದ್ದನ ಹಾಗೆ..."

"ಬಾಯಿಗೆ ಬಂದದ್ದಲ್ಲ," ಎಂದೆ. ಸುಮ್ಮನಿರಬಹುದಾಗಿತ್ತು. ಆದರೆ ಆ ಮುದುಕ ಅಷ್ಟು ಜನರ ಎದುರಿಗೆ ಹೇಳಿದ ಮೇಲೆ ಒಬ್ಬ ತಮ್ಮನ ಎದುರಿಗೆ ನಾನು ಹೇಗೆ ಸುಮ್ಮನಿರಲಿ? ಎಲ್ಲ ಹೇಳಿದೆ. ಹುಬ್ಬು, ತುಟಿ, ಕಲ್ಲು, ಅಂಗಡಿಯಲ್ಲಿ ನಕ್ಕವರು, ಎಲ್ಲ.

ಅವನು ಬೈಯಲಿಲ್ಲ. ಪೆಟ್ಟಿಗೆಯ ಕೊಂಡಿಯನ್ನು ತೆಗೆದ, ಹಾಕಿದ, ತೆಗೆದ.

"ಮುಖ ಬಿಡು," ಎಂದ. "ನಿನ್ನ ಕಿವಿ ಚೆನ್ನಾಗೇ ಇತ್ತಲ್ಲ. ಅವತ್ತು ಹೇಗೆ ನುಡಿಸಿದ್ದೆ ನಾನು? ಅದನ್ನ ಹೇಳು ಸಾಕು."

ಹೇಳಲು ಬಾಯಿ ತೆರೆದೆ. ಚೆನ್ನಾಗಿತ್ತು ಎನ್ನಬೇಕು. ಒಂದೇ ಮಾತು. ಆದರೆ ಹೇಳಲು ನೆನಪಿನಲ್ಲಿ ಒಂದು ಸ್ವರವಾದರೂ ಇರಬೇಡವೇ? ಆ ಹದಿನೈದು ನಿಮಿಷವೂ ನಾನು ಡೇರೆಯ ಹೊಲಿಗೆಗಳನ್ನು ಎಣಿಸುತ್ತಿದ್ದೆ. ಸಂಗೀತ ಒಳಗೆ ಬಂದರೆ ಮುಖದಲ್ಲಿ ಕಾಣಿಸೀತು ಎಂದು, ಬೇಕೆಂದೇ, ಒಂದೊಂದಾಗಿ ಎಣಿಸಿದ್ದೆ. ನಾನೂರ ಹನ್ನೆರಡು ಹೊಲಿಗೆ. ಅದು ಮಾತ್ರ ನೆನಪಿದೆ.

"ಈವಂಡರ್," ಎಂದೆ. "ನಾನೂ ಕೇಳಲಿಲ್ಲ ಕಣೋ."

ಅವನು ನನ್ನ ಕಡೆ ತಿರುಗಿದ.

"ಹಾಗಾದ್ರೆ ಅವತ್ತು ಆ ಡೇರೇಲಿ ಯಾರೂ ಕೇಳ್ಲಿಲ್ಲ," ಎಂದ.

"ಇಲ್ಲ," ಎಂದೆ.